ಶನಿವಾರದ ಎರಡನೇ ಗೆರೆ

"ನಾಲ್ಕಕ್ಕೆ ಸಮಿತಿ ಕೂತ್ಕೊಳ್ಳುತ್ತೆ ಮೇಡಂ. ಅಷ್ಟೊತ್ತಿಗೆ ಈ ರಿಜಿಸ್ಟರ್ ಪಕ್ಕದ ರೂಮಿನ ಟೇಬಲ್ ಮೇಲಿರ್ಬೇಕು. ನಿಮ್ಮ ಕೈಗೆ ಕೊಟ್ಟಿರೋದೇ ರೂಲ್ಸಿಗೆ ವಿರುದ್ಧ."

ಉಪಕುಲಸಚಿವ ಮುನಿನಾರಾಯಣಪ್ಪ ಈ ಮಾತು ಹೇಳಿದ್ದು ಇದು ಮೂರನೆಯ ಸಲ. ಜಯಮಾಲಾ ಭೂತಗನ್ನಡಿಯಿಂದ ಕಣ್ಣು ತೆಗೆಯಲಿಲ್ಲ.

"ವಿರುದ್ಧ ಅಂತ ಗೊತ್ತಿದ್ದೂ ಕೊಟ್ರಲ್ಲ ಸಾರ್, ಅದಕ್ಕೇ ಥ್ಯಾಂಕ್ಸ್. ಆ ಫ್ಯಾನ್ ಸ್ವಲ್ಪ ಆಫ್ ಮಾಡ್ತೀರಾ? ಹಾಳೆ ಹಾರ್ತಿದೆ."

ಅವರು ಎದ್ದು ಫ್ಯಾನ್ ನಿಲ್ಲಿಸಿದರು. ಕೆಳಗಿನ ರಸ್ತೆಯ ಆಟೋಗಳ ಸದ್ದು ಕೋಣೆಯೊಳಗೆ ಬಂದು ಕೂತಿತು. ಗೋಡೆಯ ಗಡಿಯಾರ ಮೂರು ಗಂಟೆ ಹತ್ತು ನಿಮಿಷ ತೋರಿಸುತ್ತಿತ್ತು.

ಮೇಜಿನ ಮೇಲಿದ್ದದ್ದು ಒಂದು ಹಾಜರಿ ಪುಸ್ತಕ. ಬೆನ್ನಿಗೆ ಬಟ್ಟೆ ಅಂಟಿಸಿದ, ಒಂದು ಮೂಲೆಯನ್ನು ಹುಳು ತಿಂದ, ಶಿವಾಜಿನಗರದ ಒಂದು ಸರ್ಕಾರಿ ಶಾಲೆಯ ಐದನೇ ಕ್ಲಾಸಿನದು. ಸಾವಿರದ ಒಂಬೈನೂರ ಎಪ್ಪತ್ನಾಲ್ಕನೇ ಇಸವಿ. ಮೂವತ್ತೊಂದು ವರ್ಷದ ಹಿಂದಿನ ಶಾಯಿ ಕಂದು ಬಣ್ಣಕ್ಕೆ ತಿರುಗಿತ್ತು.

ಹೊಸ ಮಹಿಳಾ ವಿಶ್ವವಿದ್ಯಾಲಯದ ಕುಲಪತಿ ಹುದ್ದೆಗೆ ಮೆಹರುನ್ನೀಸಾ ಅವರ ಹೆಸರು ಪಟ್ಟಿಯ ಮೊದಲಲ್ಲಿ ಬಂದ ವಾರವೇ, ಒಂದು ಮೂಕರ್ಜಿಯ ಜೊತೆಗೆ ಈ ಪುಸ್ತಕ ಅಂಚೆಯಲ್ಲಿ ಬಂದಿತ್ತು. ಅರ್ಜಿಯಲ್ಲಿದ್ದದ್ದು ನಾಲ್ಕೇ ಸಾಲು. ಆ ವರ್ಷ ಮೆಹರುನ್ನೀಸಾ ಮಧ್ಯಾಹ್ನದ ಹೊತ್ತು ಕಾಲೇಜಿನಲ್ಲಿ ಕೂತು ಎಂ.ಎ. ಓದುತ್ತಿದ್ದರು, ಅದೇ ಮಧ್ಯಾಹ್ನಗಳಲ್ಲಿ ಶಾಲೆಯಲ್ಲಿ ಪಾಠ ಮಾಡಿದೆನೆಂದು ಹಾಜರಿ ಗುರುತು ಹಾಕಿದ್ದಾರೆ, ಇಂಥವರು ವಿಶ್ವವಿದ್ಯಾಲಯ ನಡೆಸಬಹುದೇ?

ಪುಸ್ತಕ ನಿಜವಾದರೆ ನಾಲ್ಕು ಗಂಟೆಗೆ ಅವರ ಹೆಸರು ಪಟ್ಟಿಯಿಂದ ಹೋಗುತ್ತದೆ. ಹೆಸರಿನ ಜೊತೆಗೆ ನಲವತ್ತು ವರ್ಷದ ಮರ್ಯಾದೆಯೂ ಹೋಗುತ್ತದೆ. ಪುಸ್ತಕ ಸುಳ್ಳೆಂದು ತೋರಿಸಬೇಕಾದವಳು ಜಯಮಾಲಾ.

ಪೊಲೀಸ್ ಇಲಾಖೆಯ ಕೈಬರಹ ವಿಭಾಗದಲ್ಲಿ ಹನ್ನೆರಡು ವರ್ಷ ದುಡಿದು, ಈಗ ಹಲಸೂರಿನಲ್ಲಿ ಹಿಟ್ಟಿನ ಗಿರಣಿಯ ಮೇಲೊಂದು ಕೋಣೆ ಹಿಡಿದು ಕೂತವಳು ಅವಳು. ಮೆಹರುನ್ನೀಸಾ ಆ ಕೋಣೆಗೆ ಬಂದಾಗ ಅವರ ಕಪ್ಪು ಬುರ್ಖಾದ ಅಂಚಿಗೆಲ್ಲ ರಾಗಿ ಹಿಟ್ಟು ಮೆತ್ತಿಕೊಂಡಿತ್ತು. ಅದನ್ನು ಕೊಡವಿಕೊಳ್ಳುವುದಕ್ಕೆ ಮೊದಲು ಅವರು ಕೇಳಿದ್ದು, "ಊಟ ಆಯ್ತಾ ಬೇಟಿ?" ಎಂದು.

ಪ್ರೈಮರಿ ಟೀಚರ್, ಲೆಕ್ಚರರ್, ಪ್ರಿನ್ಸಿಪಾಲ್, ಕಾಲೇಜು ಶಿಕ್ಷಣದ ಜಂಟಿ ನಿರ್ದೇಶಕಿ. ಇಷ್ಟು ಮೆಟ್ಟಿಲು ಹತ್ತಿದ ಮೇಲೂ ಎದುರಿಗಿದ್ದವರ ಊಟದ ಚಿಂತೆ ಅವರನ್ನು ಬಿಟ್ಟಿರಲಿಲ್ಲ.

"ಆ ವರ್ಷ ನಮ್ಮ ಸ್ಕೂಲಲ್ಲಿ ಎರಡು ಶಿಫ್ಟ್ ಇತ್ತು," ಎಂದಿದ್ದರು ಅವರು. "ಚಾವಣಿ ರಿಪೇರಿ ನಡೀತಿತ್ತು. ನಂದು ಬೆಳಗಿನ ಶಿಫ್ಟ್. ಹನ್ನೆರಡಕ್ಕೆ ಮುಗಿಸ್ಕೊಂಡು ಕಾಲೇಜಿಗೆ ನಡೀತಿದ್ದೆ. ಮಧ್ಯಾಹ್ನದ ಗುರುತು ನನ್ನ ರಿಜಿಸ್ಟರಲ್ಲಿ ಇರೋಕೇ ಸಾಧ್ಯ ಇಲ್ಲ. ಅದು ಯಾರೋ ಬರೆದಿರೋದು."

ಹಾಗೆ ಹೇಳುವಾಗ ಅವರು ಕಿಟಕಿಯ ಕಡೆ ನೋಡಿದ್ದರು. ಜಯಮಾಲಾ ಅದನ್ನು ದುಃಖ ಎಂದುಕೊಂಡಿದ್ದಳು.

ಈಗ ಅವಳು ಜುಲೈ ತಿಂಗಳ ಪುಟದ ಮೇಲೆ ಗಾಜನ್ನು ಸರಿಸಿದಳು.

ಹಾಜರಿ ಹಾಕುವ ಪದ್ಧತಿ ಎಲ್ಲ ಶಾಲೆಗಳಲ್ಲೂ ಒಂದೇ. ಬೆಳಗ್ಗೆ ಬಂದ ಮಗುವಿಗೆ ಒಂದು ಓರೆಗೆರೆ. ಊಟದ ಗಂಟೆಯ ನಂತರ ಅದೇ ಮಗು ತಿರುಗಿ ಬಂದರೆ, ಮೊದಲ ಗೆರೆಯನ್ನು ಕತ್ತರಿಸುವಂತೆ ಇನ್ನೊಂದು. ಪುಟದ ತುಂಬ ಸಾಲು ಸಾಲು ಕತ್ತರಿ ಗುರುತು, ರವಿಕೆ ಅಂಚಿಗೆ ಹಾಕಿದ ಹೊಲಿಗೆಯ ಹಾಗೆ.

ಹೆಚ್ಚಿನ ದಿನಗಳ ಸಾಲಿನ ಕೆಳಗೆ ಒಂದು ಪುಟ್ಟ ಟಿಕ್ ಇತ್ತು. ಅದನ್ನು ಅವಳು ಆಗಲೇ ಗುರುತು ಮಾಡಿಕೊಂಡಿದ್ದಳು. ಸಾಮಾನ್ಯವಾಗಿ ಟಿಕ್ಕಿನ ಉದ್ದ ತೋಳು ಬಲಕ್ಕೆ ಹೋಗುತ್ತದೆ. ಇಲ್ಲಿ ಎಡಕ್ಕೆ ಹೋಗಿತ್ತು. ಎಡಗೈಯವರ ಟಿಕ್. ಮೆಹರುನ್ನೀಸಾ ಬಲಗೈಯವರು.

ಎದುರಿಗೆ ಕೂತ ಮುನಿನಾರಾಯಣಪ್ಪನವರ ವಾಚು ಬಲಗೈಯಲ್ಲಿತ್ತು. ಅದನ್ನೂ ಅವಳು ಗುರುತು ಮಾಡಿಕೊಂಡಿದ್ದಳು.

ಹಾಗೇ ಮುಂದೆ ಸರಿದ ಗಾಜು ಆರನೆಯ ತಾರೀಖಿನ ಮೇಲೆ ನಿಂತಿತು. ಜಯಮಾಲಾ ತನ್ನ ಚೀಲದಿಂದ ಹಳೆಯ ಪಂಚಾಂಗದ ಜೆರಾಕ್ಸ್ ತೆಗೆದು ನೋಡಿದಳು. ಜುಲೈ ಆರು. ಹದಿಮೂರು. ಇಪ್ಪತ್ತು. ಇಪ್ಪತ್ತೇಳು.

ನಾಲ್ಕೂ ಶನಿವಾರ. ನಾಲ್ಕೂ ದಿನ ಎರಡೆರಡು ಗೆರೆ.

ಅವಳಿಗೆ ನಗು ಬಂತು. ಶನಿವಾರ ಶಾಲೆ ಇರುವುದು ಬೆಳಗ್ಗೆ ಮಾತ್ರ. ಹನ್ನೊಂದೂವರೆಗೆ ಗಂಟೆ ಹೊಡೆದರೆ ಮಕ್ಕಳು ಚೀಲ ಬೀಸಿಕೊಂಡು ಓಡುತ್ತಾರೆ. ಪಾಠ ಮಾಡಿ ಗೊತ್ತಿದ್ದವರ ಕೈ ಶನಿವಾರದ ಎರಡನೇ ಗೆರೆಗೆ ತಾನಾಗಿಯೇ ನಿಲ್ಲುತ್ತದೆ. ಈ ಕೈ ನಿಂತಿಲ್ಲ. ಮೇಲಾಗಿ ಆ ನಾಲ್ಕು ದಿನಗಳ ಕೆಳಗೆ ಟಿಕ್ ಹಾಕುವುದನ್ನೂ ಮರೆತಿದೆ.

"ಸಾರ್," ಎಂದಳು ಜಯಮಾಲಾ ಗಾಜನ್ನು ಕೆಳಗಿಟ್ಟು. "ನೀವು ಎಂದಾದ್ರೂ ಪಾಠ ಮಾಡಿದ್ದೀರಾ?"

ಮುನಿನಾರಾಯಣಪ್ಪ ಕನ್ನಡಕ ಸರಿಮಾಡಿಕೊಂಡರು. "ನಾನಾ? ಎಲ್ಲಿಂದ ಮೇಡಂ. ಹತ್ತೊಂಬತ್ತಕ್ಕೆ ಟೈಪಿಸ್ಟ್ ಆಗಿ ಸೇರ್ಕೊಂಡೋನು. ಡಿಪಾರ್ಟ್‌ಮೆಂಟ್ ಪರೀಕ್ಷೆ ಕಟ್ಟಿ ಕಟ್ಟಿ ಸೂಪರಿಂಟೆಂಡೆಂಟ್ ಆದೆ. ಆಮೇಲೆ ಅಸಿಸ್ಟೆಂಟ್ ರಿಜಿಸ್ಟ್ರಾರ್. ಈಗ ಈ ಕುರ್ಚಿ. ಚಾಕ್ ಪೀಸ್ ಹಿಡಿದೋನೇ ಅಲ್ಲ."

"ಹಾಗಾದ್ರೆ ಸರಿಹೋಯ್ತು."

"ಏನು ಸರಿಹೋಯ್ತು?"

"ಈ ಪುಸ್ತಕ ಬರೆದಿರೋದು ಬ್ಲ್ಯಾಕ್‌ಬೋರ್ಡ್ ಮುಂದೆ ನಿಂತೇ ಗೊತ್ತಿಲ್ಲದವರು. ಆಫೀಸಿನವರು. ಎಡಗೈಯವರು. ಹಳೇ ರಿಜಿಸ್ಟರ್, ಹಳೇ ಶಾಯಿ ಎಲ್ಲಾ ಸುಲಭವಾಗಿ ಸಿಗೋ ಜಾಗದಲ್ಲಿರೋರು." ಅವಳು ಅವರ ಬಲಗೈಯ ವಾಚನ್ನು ನೋಡಿದಳು. "ಮೂರು ವರ್ಷದ ಹಿಂದೆ ನೀವು ಮೆಹರುನ್ನೀಸಾ ಮೇಡಂ ಕೈಕೆಳಗಿದ್ದಾಗ ಅವರು ನಿಮಗೊಂದು ಮೆಮೋ ಕೊಟ್ಟಿದ್ರಂತಲ್ಲ. ಅದರ ನೋವು ಇನ್ನೂ ಇದೆಯಾ ಸಾರ್?"

ಮುನಿನಾರಾಯಣಪ್ಪನವರ ಮುಖ ಮೊದಲು ಬಿಳಿಚಿತು, ಆಮೇಲೆ ಕೆಂಪಾಯಿತು. ಅವರು ಮೇಜಿನ ಮೇಲಿದ್ದ ಪೆನ್ನನ್ನು ತೆಗೆದುಕೊಂಡು, ಒಂದು ಚೀಟಿಯ ಮೇಲೆ ತಮ್ಮ ಹೆಸರು ಬರೆದು ಅವಳ ಕಡೆ ನೂಕಿದರು.

ಬರೆದದ್ದು ಬಲಗೈಯಲ್ಲಿ. ಅಕ್ಷರ ಸಲೀಸಾಗಿತ್ತು.

ಆಮೇಲೆ ಎಡಗೈಯ ತೋಳು ಮಡಚಿ ತೋರಿಸಿದರು. ಮಣಿಕಟ್ಟಿನ ಸುತ್ತ ಹಳೆಯ ಸುಟ್ಟ ಗಾಯದ ಚರ್ಮ ಸುಕ್ಕಾಗಿ ಹೊಳೆಯುತ್ತಿತ್ತು. "ಚಿಕ್ಕೋನಿದ್ದಾಗ ಸೀಮೆಎಣ್ಣೆ ಸ್ಟೌ. ಇಲ್ಲಿ ವಾಚ್ ಕಟ್ಟಿದ್ರೆ ಉರಿಯುತ್ತೆ ಮೇಡಂ."

ಜಯಮಾಲಾಳ ಕಿವಿ ಬಿಸಿಯಾಯಿತು. "ತಪ್ಪಾಯ್ತು ಸಾರ್."

"ಆ ಮೆಮೋ ಅಂದ್ರಲ್ಲ? ಲೇಟಾಗಿ ಬಂದಿದ್ದಕ್ಕೆ ಕೊಟ್ಟಿದ್ದು. ಕೊಟ್ಟು ಸಂಜೆ ಫೋನ್ ಮಾಡಿ, 'ನಿಮ್ಮಮ್ಮನಿಗೆ ಹುಷಾರಿಲ್ವಾ, ಅದಕ್ಕೆ ಲೇಟಾ?' ಅಂತ ಕೇಳಿದ್ರು." ಅವರು ಪುಸ್ತಕದ ಕಡೆ ಬೆರಳು ಮಾಡಿದರು. "ಶನಿವಾರ ಅಂದ್ರಲ್ಲ ಮೇಡಂ. ಆ ಪುಟ ಇನ್ನೊಂದು ಸಲ ನೋಡಿ. ರೋಲ್ ನಂಬರ್ ಹದಿನೇಳು."

ಜಯಮಾಲಾ ಬೆರಳಿಟ್ಟು ಇಳಿದಳು. ಹದಿನಾಲ್ಕು, ಅನೀಸ್. ಹದಿನೈದು, ಬಸು. ಹದಿನಾರು, ಭೀಮು. ಹದಿನೇಳು.

ಮುನಿನಾರಾಯಣಪ್ಪ. ತಾಯಿ, ಜಟ್ಟೆಮ್ಮ.

ಅವಳು ತಲೆಯೆತ್ತಿದಾಗ ಉಪಕುಲಸಚಿವರು ಹನ್ನೊಂದು ವರ್ಷದ ಮಗುವಿನ ಹಾಗೆ ಕುರ್ಚಿಯ ತುದಿಯಲ್ಲಿ ಕೂತಿದ್ದರು.

"ನಮ್ಮಮ್ಮ ರಸೆಲ್ ಮಾರ್ಕೆಟ್ ಹತ್ರ ಸೊಪ್ಪು ಮಾರ್ತಿದ್ಳು. ಭಾನುವಾರದ ಅಡುಗೆಗೆ ಜನ ಶನಿವಾರ ಮಧ್ಯಾಹ್ನವೇ ಬಂದು ಮುಗಿಬೀಳೋರು. ಮಾರ್ಕೆಟ್ ಅಮ್ಮಂದಿರೆಲ್ಲ ಸೇರಿ ನಮ್ಮ ಮೆಹರುನ್ನೀಸಾ ಮಿಸ್ ಹತ್ರ ಬಂದು, 'ಅಮ್ಮಾ, ಶನಿವಾರ ಈ ಮಕ್ಕಳನ್ನ ಸಂಜೆ ತನಕ ಇಟ್ಕೊಂಡ್ಬಿಡಿ, ಗಾಡಿ ಚಕ್ರಕ್ಕೆ ಸಿಕ್ಕಾಕೊಳ್ತವೆ' ಅಂದ್ರು. ಮಿಸ್ ಇಟ್ಕೊಂಡ್ರು. ಬನ್ ತರಿಸಿ ಕೊಡೋರು. ಪೇಪರ್ ಓದಿಸೋರು."

"ಅದಕ್ಕೆ ಹಾಜರಿ ಯಾಕೆ? ರೂಲ್ಸಲ್ಲಿ ಇಲ್ವಲ್ಲ."

"ನಮ್ಮ ಹೆಡ್‌ಮಾಸ್ಟ್ರೂ ಅದನ್ನೇ ಕೇಳಿದ್ರು. 'ಬಂದ ಮಗುಗೆ ಗೆರೆ ಹಾಕ್ಲೇಬೇಕು ಸಾರ್, ಬಂದದ್ದು ಎಲ್ಲಾದ್ರೂ ಕಾಣಿಸ್ಬೇಕಲ್ಲ' ಅಂದ್ಬಿಟ್ರು ಮಿಸ್." ಅವರು ಕನ್ನಡಕ ತೆಗೆದು ಒರೆಸಿದರು. "ಶನಿವಾರದ ಎರಡನೇ ಗೆರೆ ಇನ್ಯಾವ ಸ್ಕೂಲಲ್ಲೂ ಸಿಗಲ್ಲ. ಈ ಪುಸ್ತಕ ಅಪ್ಪಟ ನಿಜ ಮೇಡಂ."

ಜಯಮಾಲಾ ಕೈಕಟ್ಟಿ ಹಿಂದಕ್ಕೆ ಒರಗಿದಳು. ಸುಳ್ಳಿಗೆ ಸಾಕ್ಷಿ ಎಂದು ಹಿಡಿದದ್ದೇ ನಿಜಕ್ಕೆ ಸಾಕ್ಷಿಯಾಗಿ ನಿಂತಿತ್ತು.

"ಹಾಗಾದ್ರೆ ಎರಡು ಶಿಫ್ಟ್?"

"ಶಿಫ್ಟ್ ಎಲ್ಲಿತ್ತು? ಬೆಳಗ್ಗೆ ಹತ್ತಕ್ಕೆ ಹೋದ್ರೆ ಸಂಜೆ ನಾಲ್ಕೂವರೆ. ಚಾವಣಿ ಸೋರ್ತಾನೇ ಇತ್ತು, ಯಾರೂ ರಿಪೇರಿ ಮಾಡಿಸ್ಲಿಲ್ಲ."

ಮೆಹರುನ್ನೀಸಾ ಕಿಟಕಿಯ ಕಡೆ ನೋಡಿದ್ದು ಯಾಕೆಂದು ಈಗ ಅವಳಿಗೆ ಅರ್ಥವಾಯಿತು. ಅಭ್ಯಾಸವಿಲ್ಲದವರು ಸುಳ್ಳು ಹೇಳುವಾಗ ಕಣ್ಣಿಗೊಂದು ಜಾಗ ಬೇಕಾಗುತ್ತದೆ.

"ಈ ಪುಸ್ತಕ ನಿಜ ಅಂತ ನಿಮಗೆ ಮೊದಲ ದಿನದಿಂದ ಗೊತ್ತಿತ್ತು."

"ಗೊತ್ತಿತ್ತು. ಯಾಕಂದ್ರೆ ಇದು ನಂದೇ." ಮುನಿನಾರಾಯಣಪ್ಪ ದನಿ ತಗ್ಗಿಸಿದರು. "ಸ್ಕೂಲ್ ಮುಚ್ಚಿದಾಗ ಹಳೇ ಪುಸ್ತಕಗಳನ್ನೆಲ್ಲ ರದ್ದಿಗೆ ಹಾಕ್ತಿದ್ರು. ಅಲ್ಲಿ ಅಟೆಂಡರ್ ಆಗಿದ್ದ ನಮ್ಮ ಅಹ್ಮದ್ ಪಾಷಾ ಎತ್ತಿಟ್ಟು ಕೊಟ್ಟ. ಕೆ.ಆರ್. ಪುರದ ಮನೇಲಿ ಅಮ್ಮನ ಟ್ರಂಕಲ್ಲಿ ಇಟ್ಟಿದ್ದೆ. ಇಪ್ಪತ್ತು ದಿನದ ಹಿಂದೆ ಕಾರಲ್ಲಿ ಯಾರೋ ಹೆಂಗಸು ಬಂದು, ಮಿಸ್‌ಗೆ ಸನ್ಮಾನ ಇದೆ, ತೋರಿಸಿ ಕೊಡ್ತೀನಿ ಅಂತ ಅಮ್ಮನ ಹತ್ರ ಇಸ್ಕೊಂಡು ಹೋದ್ರಂತೆ. ಆಮೇಲೆ ನೋಡಿದ್ರೆ ಅಂಚೆಯಲ್ಲಿ ನನ್ನ ಟೇಬಲ್‌ಗೇ ಬಂತು."

"ಹೇಳ್ಬಹುದಿತ್ತಲ್ಲ ಸಾರ್."

"ಏನಂತ ಹೇಳ್ಲಿ? ನಿಜ ಅಂದ್ರೆ ಮಿಸ್ ಹೋಗ್ತಾರೆ. ಸುಳ್ಳು ಅಂದ್ರೆ ನನ್ನ ಹಾಜರಿ ಹೋಗುತ್ತೆ." ಅವರು ಪುಟದ ಮೇಲೆ ಕೈ ಇಟ್ಟರು. "ನೀವು ಏನಾದ್ರೂ ದಾರಿ ಹುಡುಕ್ತೀರೇನೋ ಅಂತಾನೇ ರೂಲ್ಸ್ ಬಿಟ್ಟು ಇದನ್ನ ಕೊಟ್ಟಿದ್ದು."

ಮೂರೂ ಮುಕ್ಕಾಲು. ಪಕ್ಕದ ಕೋಣೆಯಲ್ಲಿ ಕುರ್ಚಿ ಎಳೆಯುವ ಸದ್ದಾಯಿತು.

ಜಯಮಾಲಾ ಮತ್ತೆ ಗಾಜು ಎತ್ತಿಕೊಂಡಳು. ನಿಜವಾದ ಪುಸ್ತಕ ಎಂದುಕೊಂಡು ನೋಡಿದರೆ ಅದೇ ಪುಟ ಬೇರೆಯಾಗಿ ಕಂಡಿತು. ಶನಿವಾರದ ಎರಡೂ ಗೆರೆಗಳ ಬಳುಕು ಒಂದೇ, ಒಂದೇ ಕೈಯದು. ಸೋಮವಾರದಿಂದ ಶುಕ್ರವಾರದವರೆಗೆ ಬೆಳಗಿನ ಗೆರೆ ಅದೇ ಕೈಯದು. ಮಧ್ಯಾಹ್ನದ ಗೆರೆ ಮಾತ್ರ ಬೇರೆ. ಎಡಕ್ಕೆ ವಾಲಿದ ಟಿಕ್ ಇರುವುದೂ ಆ ಐದು ದಿನಗಳ ಕೆಳಗೆ ಮಾತ್ರ.

ಮರೆತದ್ದಲ್ಲ. ಶನಿವಾರ ಆ ಎಡಗೈ ಅಲ್ಲಿರಲಿಲ್ಲ.

"ಸೋಮವಾರದಿಂದ ಶುಕ್ರವಾರ, ಮಧ್ಯಾಹ್ನ ನಿಮಗೆ ಪಾಠ ಮಾಡ್ತಿದ್ದೋರು ಯಾರು?"

ಅವರ ಮುಖ ಅರಳಿತು. "ಚಿಕ್ಕ ಮಿಸ್! ನಮ್ಮ ಮಿಸ್ ಕಾಲೇಜಿಗೆ ಹೋದ್ರೆ ಚಿಕ್ಕ ಮಿಸ್ ಬರೋರು. ಹಸಿರು ಕೊಡೆ. ಕೆಲಸದ ಆರ್ಡರ್ ಇಲ್ಲ, ಏನಿಲ್ಲ, ಸುಮ್ಮನೆ ಬಂದು ಪಾಠ ಮಾಡಿ ಹೋಗೋರು. ಹೆಡ್‌ಮಾಸ್ಟ್ರು ಕಂಡೂ ಕಾಣದ ಹಾಗೆ ಇರೋರು. ಭಾಗಾಕಾರ ನನ್ನ ತಲೆಗೆ ಹತ್ತಿಸಿದ್ದೇ ಅವರು. ಕಲಬುರ್ಗಿ ಕಡೆ ಮಾತು ಮೇಡಂ. 'ಕುಂದರ್ರಿ ಎಲ್ಲಾರೂ' ಅಂದ್ರೆ ನಾವು ಬಿದ್ದು ಬಿದ್ದು ನಗ್ತಿದ್ವಿ."

"ಹೆಸರು?"

"ಮಿಸ್‌ಗೆ ಹೆಸರೆಲ್ಲಿ ಇರುತ್ತೆ ಮೇಡಂ, ಆ ವಯಸ್ಸಲ್ಲಿ? ಒಂದೂವರೆ ವರ್ಷ ಇದ್ರು. ಒಂದಿನ ಬರ್ಲಿಲ್ಲ. ನಾನು ಗೇಟ್ ಹತ್ರ ಕಾದೆ." ಅವರು ಬಾಗಿಲ ಕಡೆ ನೋಡಿದರು. "ಕಾರಲ್ಲಿ ಬಂದೋರ ಬಗ್ಗೆ ಕೇಳಿದ್ರೆ ಅಮ್ಮ, 'ಅವರೇ ಕಣೋ, ನಿಮ್ಮ ಚಿಕ್ಕ ಮಿಸ್ಸು' ಅಂತಾಳೆ. ವಯಸ್ಸಾಗಿದೆ, ಏನೋ ಬಡಬಡಿಸ್ತಾಳೆ ಅಂದ್ಕೊಂಡೆ."

ಬಾಗಿಲು ತಟ್ಟಿದ ಸದ್ದಾಯಿತು. ಈಗ ಇದೇ ಕಚೇರಿಯಲ್ಲಿರುವ ಅಹ್ಮದ್ ಪಾಷಾ ಒಂದು ಚೀಟಿ ಹಿಡಿದು ನಿಂತಿದ್ದ. "ಸಾಬ್, ಚೇರ್‌ಮನ್ ಮೇಡಂ ಕೊಟ್ರು. ಮೆಹರುನ್ನೀಸಾ ಆಪಾನ ಒಳಗೆ ಕರ್ಕೊಂಡ್ರು. ರಿಜಿಸ್ಟರ್ ಈಗಲೇ ಬೇಕಂತೆ, ಜಲ್ದಿ."

ಚೀಟಿಯನ್ನು ಮೊದಲು ತೆಗೆದುಕೊಂಡವಳು ಜಯಮಾಲಾ. ಮುದ್ದಾದ ಅಕ್ಷರದಲ್ಲಿ ಮೂರು ಸಾಲು.

ಮೂಕರ್ಜಿ. ಹಾಜರಿ ಪುಸ್ತಕ. ಮೆಹರುನ್ನೀಸಾ ಅವರ ಹೇಳಿಕೆ.

ಸಿಕ್ಕ ಎರಡರ ಮುಂದೆ ಟಿಕ್ ಬಿದ್ದಿತ್ತು. ಪುಸ್ತಕದ ಮುಂದೆ ಜಾಗ ಖಾಲಿ ಇತ್ತು. ಎರಡೂ ಟಿಕ್ಕಿನ ಉದ್ದ ತೋಳು ಎಡಕ್ಕೆ ಹೋಗಿತ್ತು.

ಜಯಮಾಲಾ ಚೀಟಿಯನ್ನು ಜುಲೈ ತಿಂಗಳ ಪುಟದ ಪಕ್ಕ ಇಟ್ಟಳು. ಗಾಜು ಬೇಕಾಗಲಿಲ್ಲ.

ಹೊರಗಿನ ಹಜಾರದ ಗೋಡೆಯ ಮೇಲೆ ಶೋಧನಾ ಸಮಿತಿಯ ಅಧ್ಯಕ್ಷೆ ಪ್ರೊಫೆಸರ್ ಉಮಾಶ್ರೀ ಅವರ ಪರಿಚಯ ಪತ್ರ ಅಂಟಿಸಿದ್ದರು. ಮಧ್ಯಾಹ್ನ ಕಾಯುತ್ತ ಕೂತಾಗ ಜಯಮಾಲಾ ಅದನ್ನು ಎರಡು ಸಲ ಓದಿದ್ದಳು. ಹುಟ್ಟೂರು ಕಲಬುರ್ಗಿ. ಎಪ್ಪತ್ಮೂರರಿಂದ ಎಪ್ಪತ್ತೈದು ಧಾರವಾಡದಲ್ಲಿ ಸಂಶೋಧನೆ. ಅಲ್ಲಿಂದ ಅಧ್ಯಾಪಕಿ, ವಿಭಾಗದ ಮುಖ್ಯಸ್ಥೆ, ಕುಲಸಚಿವೆ, ಕುಲಪತಿ. ಒಂದು ಮೆಟ್ಟಿಲೂ ತಪ್ಪದ, ಇಸ್ತ್ರಿ ಹಾಕಿದ ಸೀರೆಯಂಥ ಬದುಕು.

ಆ ಪತ್ರದಲ್ಲಿ ಶಿವಾಜಿನಗರದ ಹೆಸರೇ ಇರಲಿಲ್ಲ. ಎಪ್ಪತ್ನಾಲ್ಕರಲ್ಲಿ ಅವರು ಧಾರವಾಡದಲ್ಲಿದ್ದರೆ ಈ ಪುಟದ ಟಿಕ್ ಹಾಕಿದ್ದು ಯಾರು?

ಮೆಹರುನ್ನೀಸಾ ಕಾಪಾಡುತ್ತಿದ್ದದ್ದು ತಮ್ಮ ಹೆಸರನ್ನಲ್ಲ.

"ಸಾರ್, ಬನ್ನಿ," ಎಂದು ಜಯಮಾಲಾ ಪುಸ್ತಕವನ್ನು ಎದೆಗವಚಿಕೊಂಡು ಎದ್ದಳು. "ಬಾಯಿ ಮಾತ್ರ ಬಿಡ್ಬೇಡಿ."

ಅವಳು ಬಾಗಿಲು ತಟ್ಟುವ ಮೊದಲೇ ಅದು ಒಳಗಿನಿಂದ ತೆರೆಯಿತು.

ಹೊಸ್ತಿಲ ಮೇಲೆ ಉಮಾಶ್ರೀ ನಿಂತಿದ್ದರು. ನರೆತ ಕೂದಲಿನ ಗಂಟು, ಇಳಕಲ್ ಸೀರೆ, ಕಣ್ಣ ಕೆಳಗೆ ನಿದ್ದೆಯಿಲ್ಲದ ಕಪ್ಪು. ಅವರ ಹಿಂದೆ ಉದ್ದ ಮೇಜಿಗೆ ಸಮಿತಿಯ ಇಬ್ಬರು ಹಿರಿಯರು. ಎದುರಿನ ಒಂಟಿ ಕುರ್ಚಿಯಲ್ಲಿ ಮೆಹರುನ್ನೀಸಾ. ಜಯಮಾಲಾಳನ್ನು ಕಂಡದ್ದೇ ಅವರು ಬೇಡ ಎನ್ನುವಂತೆ ಮೆಲ್ಲಗೆ ತಲೆಯಾಡಿಸಿದರು.

"ಕೊಡ್ರಿ," ಎಂದು ಉಮಾಶ್ರೀ ಎಡಗೈ ಚಾಚಿದರು.

ಜಯಮಾಲಾ ಪುಸ್ತಕ ಬಿಡದೆ ದನಿ ತಗ್ಗಿಸಿದಳು. "ಮೇಡಂ, ಕೊಡೋದಕ್ಕೆ ಮೊದಲು ಒಂದು ಪ್ರಶ್ನೆ. ಇದನ್ನ ಕೆ.ಆರ್. ಪುರದಿಂದ ತಂದು ಅಂಚೆಗೆ ಹಾಕಿದ್ದು ಇವರನ್ನ ಕೆಡವೋಕಾ, ನೀವೂ ಬಂದಿದ್ದು ಕಾಣಿಸ್ಲಿ ಅಂತಾನಾ?"

ಚಾಚಿದ ಕೈ ಗಾಳಿಯಲ್ಲೇ ನಿಂತಿತು. ಉಮಾಶ್ರೀ ಅವರ ಕಣ್ಣು ಜಯಮಾಲಾಳ ಹೆಗಲು ದಾಟಿ, ಹಿಂದೆ ನಿಂತ ನಲವತ್ತೆರಡು ವರ್ಷದ ಗಂಡಸಿನ ಮೇಲೆ, ಅವರ ಬಲಗೈಯ ವಾಚಿನ ಮೇಲೆ, ಎಡ ಮಣಿಕಟ್ಟಿನ ಸುಟ್ಟ ಕಲೆಯ ಮೇಲೆ ಹೋಗಿ ನಿಂತಿತು. ಎರಡು ತಿಂಗಳಿಂದ ಅವರು ಈ ಮನುಷ್ಯನಿಂದ ಕಡತ ಇಸಿದುಕೊಂಡಿದ್ದರು. ಹುದ್ದೆಯಿಂದ ಕರೆದಿದ್ದರು, ಹೆಸರು ಕೇಳಿರಲಿಲ್ಲ; ಮುಖವನ್ನು ನೋಡಿದ್ದರು, ಕೈಯನ್ನು ನೋಡಿರಲಿಲ್ಲ.

"ಹದಿನೇಳು?" ಎಂದರು ಉಮಾಶ್ರೀ, ಉಸಿರಿನಲ್ಲಿ.

ಮುನಿನಾರಾಯಣಪ್ಪನವರ ಬೆನ್ನು ನೆಟ್ಟಗಾಯಿತು. ಬಾಯಿ ತಾನಾಗಿಯೇ ತೆರೆಯಿತು.

"ಹಾಜರ್, ಮಿಸ್."

ಮೇಜಿನ ಆ ತುದಿಯಲ್ಲಿದ್ದ ಹಿರಿಯ ಸದಸ್ಯರು ಕನ್ನಡಕದ ಮೇಲಿಂದ ನೋಡಿದರು. "ಏನ್ರೀ ಇದು? ಮಿಸ್ ಯಾರು? ಉಪಕುಲಸಚಿವರು ಯಾಕೆ ಹಾಜರಿ ಹೇಳ್ತಿದ್ದಾರೆ?" ಅವರು ಪೆನ್ನನ್ನು ಮೇಜಿನ ಮೇಲೆ ಕುಟ್ಟಿದರು. "ನಾನು ನೇರವಾಗಿ ಕೇಳ್ತೀನಿ. ಆ ಪುಸ್ತಕದಲ್ಲಿ ತಪ್ಪಿದೆಯೋ ಇಲ್ವೋ? ಇದ್ರೆ ಅದು ಯಾರದು?"

ಮೆಹರುನ್ನೀಸಾ ಕುರ್ಚಿಯಿಂದ ಎದ್ದರು. ಉಮಾಶ್ರೀ ಬಾಗಿಲಿನಿಂದ ತಿರುಗಿದರು.

"ನನ್ನದು," ಎಂದವು ಎರಡು ದನಿಗಳು, ಒಟ್ಟಿಗೆ.